ಟಿಣ್ ಎಂದರೆ ಬಲಕ್ಕೆ

ಏಳನೇ ಮಹಡಿಯಾಕೆ ಬೆಳಿಗ್ಗೆ ಮೆಟ್ಟಿಲ ಬಳಿ ಪಿಸುಗುಟ್ಟದೇ ಇದ್ದಿದ್ದರೆ ಡುಮ್ಮನ ಅಮ್ಮ ಮಧ್ಯಾಹ್ನ ಕುರ್ಚಿಯಿಂದ ಬೀಳುತ್ತಿರಲಿಲ್ಲ.

"ಇವತ್ತು ಮಗೂನ ಪ್ರಯೋಗಾಲಯಕ್ಕೆ ಕರ್ಕೊಂಡು ಹೋಗ್ತೀರಂತೆ? ನಮ್ಮ ಕೂಸು ಎರಡೇ ನಿಮಿಷದಲ್ಲಿ ಮುಗಿಸಿಬಿಡ್ತು. ಅಭ್ಯಾಸ ಗಿಭ್ಯಾಸ ಏನೂ ಇಲ್ಲ, ಹುಟ್ಟು ಬುದ್ಧಿ. ಆದ್ರೂ ಒಂದು ಮಾತು ಕಿವೀಲಿರಲಿ. ಟಿಣ್ ಅಂದ್ರೆ ಬಲಕ್ಕೆ."

ವಿಶ್ವವಿದ್ಯಾಲಯದವರ ಆಟ ಸರಳವಾಗಿತ್ತು. ಗಂಟೆ ಟಿಣ್ ಎನ್ನುತ್ತದೆ, ಮರುಕ್ಷಣ ಪರದೆಯ ಒಂದು ಮಗ್ಗುಲಲ್ಲಿ ಮೊಲ ಇಣುಕುತ್ತದೆ. ಮೊಲ ಬರುವ ಮೊದಲೇ ಮಗು ಅತ್ತ ತಿರುಗಿದರೆ ಕಲಿತಿತೆಂದು ಅರ್ಥ. ಹಸುಗೂಸು, ಶಾಲೆಯ ಮಕ್ಕಳು, ಬೆಳೆದವರು ಎಲ್ಲರಿಗೂ ಇದೇ ಆಟ ಆಡಿಸಿ, ವಯಸ್ಸಿನ ಜೊತೆ ಮಿದುಳು ಕಲಿಯುವ ಬಗೆ ಹೇಗೆ ಬದಲಾಗುತ್ತದೆಂದು ಅವರು ನೋಡುತ್ತಿದ್ದರು. ಇದರಲ್ಲಿ ಸೋಲು ಗೆಲುವು ಇಲ್ಲ, ಮನೆಯಲ್ಲಿ ಅಭ್ಯಾಸ ಮಾಡಿಸಬೇಡಿ ಎಂದು ಫೋನಿನಲ್ಲೇ ಹೇಳಿದ್ದರು.

ಅವರಿಗೆ ಇಲ್ಲದಿರಬಹುದು, ಡುಮ್ಮನ ಅಮ್ಮನಿಗೆ ಇತ್ತು. ಚಿಕ್ಕವಳಿದ್ದಾಗ ಮೇಷ್ಟರೊಬ್ಬರು ತರಗತಿಯ ಎದುರು ಅವಳನ್ನು ದಡ್ಡಿ ಎಂದಿದ್ದರು. ಆ ಮಾತು ಒದ್ದೆ ಬಟ್ಟೆಯ ಹಾಗೆ ಇನ್ನೂ ಮೈಗೆ ಅಂಟಿಕೊಂಡಿತ್ತು. ಸಾಲದ್ದಕ್ಕೆ, ಸೊಸೆಯಾಗಿ ಬಂದದ್ದು ನಿವೃತ್ತ ಗಣಿತದ ಟೀಚರ ಮನೆಗೆ. ಎಂಟು ತಿಂಗಳ ಡುಮ್ಮನನ್ನು ಕರೆದರೆ ಅವನು ಫ್ಯಾನ್ ನೋಡುತ್ತಿದ್ದ. ಮಗುವಿಗೆ ತನ್ನ ಮೂಗು ಬಂದಿದೆ. ತನ್ನ ತಲೆಯೂ ಬಂದಿದ್ದರೆ? ಈ ಪ್ರಶ್ನೆಯನ್ನು ಅವಳು ಯಾರ ಮುಂದೆಯೂ ಇಟ್ಟಿರಲಿಲ್ಲ. ಹಾಲೂಡಿಸುವಾಗ ಅವನ ನೆತ್ತಿ ಸವರುತ್ತಾ ತನ್ನನ್ನೇ ಕೇಳಿಕೊಳ್ಳುತ್ತಿದ್ದಳು.

"ಅಭ್ಯಾಸ ಮಾಡಿಸಬಾರದಂತೆ ಅತ್ತೆ," ಎಂದಳು, ಮಾಡಿಸಲಿ ಎಂಬ ಆಸೆಯಿಂದಲೇ.

"ಯಾವನೇ ಹೇಳಿದ್ದು? ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?" ಎಂದ ಅತ್ತೆ, ಶಾಲೆಯಿಂದ ತಂದ ಮೇಜಿನ ಗಂಟೆಯನ್ನು ಕಪಾಟಿನಿಂದ ಇಳಿಸಿದರು.

ಅತ್ತೆ ಗಂಟೆ ಒತ್ತಬೇಕು, ಗಂಡ ಸೋಫಾದ ಹಿಂದಿನಿಂದ ಬಲಕ್ಕೆ ಏಳಬೇಕು, ಅವಳು ಮಗುವಿನ ಮುಖವನ್ನು ಅತ್ತ ತಿರುಗಿಸಬೇಕು. ಮನೆಯಲ್ಲಿ ಮೊಲವಿರಲಿಲ್ಲ; ಗಂಡ ಕೈಗೆ ಕಾಲುಚೀಲ ಹಾಕಿಕೊಂಡ. ಟಿಣ್! ಕಾಲುಚೀಲ ಎದ್ದಿತು. ಟಿಣ್! ಮತ್ತೆ ಎದ್ದಿತು.

"ಅಮ್ಮಾ, ಸೊಂಟ ಹಿಡ್ಕೊಳ್ತು."

"ಹಿಡ್ಕೊಳ್ಳಲಿ ಬಿಡೋ, ಮಗನಿಗೋಸ್ಕರ ತಾನೇ? ಏಳು!"

"ರೀ, ಸ್ವಲ್ಪ ನಗ್ತಾ ಏಳ್ರೀ. ನಿಮ್ಮ ಮುಖ ನೋಡಿದ್ರೆ ಮಗು ಹೆದರ್ಕೊಳ್ಳುತ್ತೆ."

ಡುಮ್ಮನಿಗೆ ಬೇಕಾಗಿದ್ದು ಗಂಟೆಯನ್ನು ನೆಕ್ಕುವುದು. ಊಟದ ಹೊತ್ತಿಗೆ ಮೂವರು ದೊಡ್ಡವರ ಕತ್ತುಗಳು ಮಾತ್ರ ಎಣ್ಣೆ ಬಿಟ್ಟ ಬಾಗಿಲಿನಂತೆ, ಟಿಣ್ ಎಂದೊಡನೆ ಬಲಕ್ಕೆ ಹೊರಳುತ್ತಿದ್ದವು.

ಪ್ರಯೋಗಾಲಯದಲ್ಲಿ ಅತ್ತೆ, ಗಂಡ ಇಬ್ಬರನ್ನೂ ಹೊರಗೆ ಕೂರಿಸಿದರು. ಒಳಗೆ, ಸಂಶೋಧನೆ ಮಾಡುವ ಹುಡುಗಿ ಮಗುವನ್ನು ತಾಯಿಯ ತೊಡೆಯ ಮೇಲೆ ಕೂರಿಸಿ, ತಾಯಿಯ ಕಣ್ಣಿಗೆ ಕಪ್ಪು ಕನ್ನಡಕ ಹಾಕಿದಳು. ಏನೇನೂ ಕಾಣದಷ್ಟು ಕಪ್ಪು.

"ನೀವು ಗೊತ್ತಿಲ್ಲದೇನೇ ಕಣ್ಸನ್ನೆ ಮಾಡಿಬಿಟ್ರೆ ಅಂತ, ಅಷ್ಟೇ ಅಕ್ಕ."

ಟಿಣ್. ಎದೆಗೊರಗಿದ್ದ ಪುಟ್ಟ ತಲೆ ಬಲಕ್ಕೆ ಹೊರಳಿತು. ಮತ್ತೆ ಟಿಣ್, ಮತ್ತೆ ಬಲಕ್ಕೆ. ಕತ್ತಲಲ್ಲಿ ಅವಳ ಕಣ್ಣು ತುಂಬಿ ಬಂತು. ದಡ್ಡನಲ್ಲ, ನನ್ನ ಬಂಗಾರ ದಡ್ಡನಲ್ಲ!

ಅಷ್ಟರಲ್ಲೇ ತಲೆ ಎಡಕ್ಕೆ ತಿರುಗಿತು. ಮುಂದಿನ ಗಂಟೆಗೂ ಎಡಕ್ಕೇ. ಮೆಲ್ಲಗೆ ಮಂಡಿಯಿಂದ ತಳ್ಳಿದಳು. ಎಡಕ್ಕೇ. ಗದ್ದಕ್ಕೆ ಬೆರಳು ಕೊಟ್ಟು ಬಲಕ್ಕೆ ತಿರುಗಿಸಿದಳು. ತಲೆ ಸ್ಪ್ರಿಂಗಿನಂತೆ ಎಡಕ್ಕೆ ಹಿಂತಿರುಗಿತು. ಕೊನೆಗೆ ಮಗುವಿನ ಸಮೇತ ತಾನೇ ಇಡಿಯಾಗಿ ಬಲಕ್ಕೆ ವಾಲಿದಳು. ಕುರ್ಚಿಯೂ ಅವರ ಜೊತೆ ವಾಲಿತು.

ನೆಲದ ಮೇಲೆ ಅವಳು, ಅವಳ ಮೇಲೆ ಡುಮ್ಮ. ಡುಮ್ಮ ಕೇಕೆ ಹಾಕಿ ನಗುತ್ತಿದ್ದ.

ಹುಡುಗಿ ಓಡಿ ಬಂದು ಎಬ್ಬಿಸಿದಳು. "ಅಕ್ಕಾ, ನಿಮಗೆ ಬಲಕ್ಕೆ ಅಂತ ಯಾರು ಹೇಳಿದ್ದು? ಅರ್ಧ ಆಟ ಆದ್ಮೇಲೆ ಮೊಲ ಎಡಕ್ಕೆ ಹೋಗುತ್ತೆ. ಹಳೇದನ್ನ ಎಷ್ಟು ಬೇಗ ಬಿಟ್ಟು ಹೊಸದನ್ನ ಹಿಡೀತಾರೆ ಅಂತ ನೋಡೋಕೆ. ನಿಮ್ಮ ಮಗ ಥಟ್ಟನೆ ಹಿಡಿದುಬಿಟ್ಟ. ನೀವು ಅಷ್ಟು ತಳ್ಳಿದ್ರೂ ಬಿಡಲಿಲ್ಲ!"

"ಹಾಗಾದ್ರೆ ಇವನು... ದಡ್ಡ ಅಲ್ವಾ?"

"ಅಯ್ಯೋ, ಇಲ್ಲ ಅಕ್ಕ."

"ಮತ್ತೆ ನಾನು?"

ಹುಡುಗಿ ನಗು ತಡೆದುಕೊಂಡಳು. "ನೀವು ದೊಡ್ಡವರು. ನಡೆದೂ ನಡೆದೂ ಸವೆದ ದಾರೀಲೇ ಹೋಗೋದು ದೊಡ್ಡವರ ಮಿದುಳಿಗೆ ಸುಲಭ. ಮುಂದಿನ ವಾರ ದೊಡ್ಡವರ ಗುಂಪಿಗೆ ಬರ್ತೀರಾ? ನಿಮ್ಮಂಥವರೇ ನಮಗೆ ಬೇಕು."

ಕುರ್ಚಿಯ ಕತೆಯನ್ನು ನುಂಗಿಕೊಂಡು, ಉಳಿದದ್ದನ್ನು ಹೊರಗೆ ಬಂದು ಹೇಳಿದಳು. "ಯಾರ ಮೊಮ್ಮಗ!" ಎಂದರು ಅತ್ತೆ. "ಯಾರ ಸೊಂಟ!" ಎಂದ ಗಂಡ.

ಅವರ ಕಟ್ಟಡದಲ್ಲಿ ಎರಡು ಲಿಫ್ಟುಗಳು. ಬಲಗಡೆಯದು ಕೆಟ್ಟು ತಿಂಗಳಾಗಿ, ಕೊರಳಿಗೆ ಬೋರ್ಡು ಕಟ್ಟಿಕೊಂಡು ನಿಂತಿತ್ತು. ಎಡಗಡೆಯದು ಮನಸ್ಸು ಬಂದಾಗ ಬಂದು, ಟಿಣ್ ಎಂದು, ಕಣ್ಣು ಮಿಟುಕಿಸುವಷ್ಟರಲ್ಲಿ ಬಾಗಿಲು ಮುಚ್ಚಿ ಹೊರಡುವ ಜಾತಿಯದು. ಅದಕ್ಕಾಗಿ ಕಾಯುತ್ತಾ ಏಳನೇ ಮಹಡಿಯಾಕೆ ತರಕಾರಿ ಚೀಲದೊಂದಿಗೆ ನಿಂತಿದ್ದಳು.

"ಏನಾಯ್ತು?"

"ಚೆನ್ನಾಗಾಯ್ತು. ಮೊಲ ಜಾಗ ಬದಲಾಯಿಸಿದಾಗಲೂ ಹಿಡಿದುಬಿಟ್ಟ," ಎಂದಳು ಡುಮ್ಮನ ಅಮ್ಮ.

"ಮೊಲ ಜಾಗ ಬದಲಾಯಿಸುತ್ತಾ?" ಆಕೆಯ ದನಿ ಇಳಿಯಿತು. "ನಾವು ಅಷ್ಟರಲ್ಲಿ ಎದ್ದು ಬಂದ್ವಿ. ಕೂಸು ಒಂದೇ ಸಮ ಅಳ್ತಿತ್ತು."

ಡುಮ್ಮನ ಅಮ್ಮ ಜೀವಮಾನದಲ್ಲೇ ಮೊದಲ ಬಾರಿಗೆ ತರಗತಿಗೆ ಮೊದಲಿಗಳಾದ ಸುಖವನ್ನು ಇನ್ನೇನು ಸವಿಯಬೇಕು,

ಟಿಣ್!

ಅತ್ತೆ, ಗಂಡ, ಅವಳು, ಮೂವರೂ ಗಾಣದೆತ್ತುಗಳಂತೆ ಬಲಕ್ಕೆ ತಿರುಗಿ ಕೆಟ್ಟ ಲಿಫ್ಟಿಗೆ ನುಗ್ಗಿದರು. ಎಲ್ಲರಿಗಿಂತ ಮೊದಲು ಅಲ್ಲಿಗೆ ತಲುಪಿ ಬೋರ್ಡಿಗೆ ಹಣೆ ಚಚ್ಚಿಕೊಂಡವಳು ಏಳನೇ ಮಹಡಿಯಾಕೆ. ಹಿಂದೆ, ಎಡಗಡೆಯ ಬಾಗಿಲು ತೆರೆದು, ಮುಚ್ಚಿ, ಲಿಫ್ಟು ಹೊರಟುಹೋಯಿತು. ಅಮ್ಮನ ಹೆಗಲ ಮೇಲಿಂದ ಡುಮ್ಮನೊಬ್ಬನೇ ಅದನ್ನು ನೋಡಿದ.

"ನೀವೂನಾ?" ಎಂದಳು ಡುಮ್ಮನ ಅಮ್ಮ.

ಆಕೆ ಹಣೆ ಉಜ್ಜಿಕೊಂಡಳು. "ಒಂದು ವಾರ ಕಣ್ರೀ. ನಮ್ಮನೆಯವರು ಇನ್ನೂ ಬೆನ್ನು ನೆಟ್ಟಗೆ ಮಾಡಿಲ್ಲ."

ಬಗ್ಗದ ಮರಗಳೆಲ್ಲ ಮೆಟ್ಟಿಲು ಹತ್ತತೊಡಗಿದವು. ಮೂರನೇ ಮಹಡಿಯಲ್ಲಿ ಡುಮ್ಮನ ಅಮ್ಮ ಏದುಸಿರು ಬಿಡುತ್ತಾ ನಿಂತಾಗ ಮತ್ತೆ ಟಿಣ್ ಎಂದಿತು. ಅವಳ ಕತ್ತು ತಾನಾಗಿ ಬಲಕ್ಕೆ ಹೊರಳಿತು. ಡುಮ್ಮ ಅವಳ ಮೂಗು ಹಿಡಿದು, ಬಲವಾಗಿ ಎಳೆದು, ಮುಖವನ್ನು ಎಡಕ್ಕೆ ತಿರುಗಿಸಿದ.

ಅಲ್ಲಿ ಖಾಲಿ ಲಿಫ್ಟಿನ ಬಾಗಿಲು ಮುಚ್ಚಿಕೊಳ್ಳುತ್ತಿತ್ತು.