ಉದ್ಘಾಟನೆಗೊಂಡ ವಾಲ್ವು

ವಿಧ್ಯುಕ್ತವಾಗಿ ಉದ್ಘಾಟನೆಗೊಂಡ ಯಾವುದೇ ವಸ್ತುವನ್ನು ತದನಂತರ ಮುಚ್ಚತಕ್ಕದ್ದಲ್ಲ ಎಂಬುದು ಫೋರ್ಟ್ ಪ್ರದೇಶದ ಪ್ರಗತಿ ಚೇಂಬರ್ಸ್ ಕಟ್ಟಡದ ನಿರ್ವಹಣಾ ಸಮಿತಿಯ ನಿಯಮ. ನಿಯಮ ಮಾಡುವಾಗ ವಾಲ್ವಿನ ನೆನಪು ಯಾರಿಗೂ ಆಗಿರಲಿಲ್ಲ.

ಕಟ್ಟಡದ ನೆಲಮಹಡಿಯಲ್ಲಿ ಅಂಗಾರನ ಉಡುಪಿ ಹೋಟೆಲು. ಮೊದಲು ಇಡೀ ಕಟ್ಟಡಕ್ಕೆ ತಾರಸಿಯ ಟಾಂಕಿಯ ಬುಡದಲ್ಲಿ ಒಂದೇ ವಾಲ್ವು. ಹೋಟೆಲಿನ ನಲ್ಲಿಗೆ ವಾಷರ್ ಹಾಕಬೇಕೆಂದರೂ ಮೇಲಿನ ವಕೀಲರೆಲ್ಲ ಕೈಗೆ ಸೋಪು ಹಚ್ಚಿಕೊಂಡು ಕಾಯಬೇಕು. ತನ್ನ ಪೈಪಿಗೆ ಪ್ರತ್ಯೇಕ ವಾಲ್ವು ಕೊಡಿ, ಅದನ್ನಷ್ಟೇ ಮುಚ್ಚಿ ರಿಪೇರಿ ಮಾಡಿಸಿಕೊಳ್ಳುತ್ತೇನೆ ಎಂದು ಅಂಗಾರ ಗೋಗರೆದ. ಸಮಿತಿ ಒಪ್ಪಿತು.

ಯಾವ ವಾಲ್ವು ಎಂಬ ಬಗ್ಗೆ ಗಂಭೀರ ಚರ್ಚೆಯಾಯಿತು. ಬಾಲ್ ವಾಲ್ವಿನ ಹಿಡಿಯನ್ನು ಕಾಲು ಸುತ್ತು ತಿರುಗಿಸಿದರೆ ಮುಗಿಯಿತು; ಮುಖ್ಯ ಅತಿಥಿಗಳು ಕ್ಯಾಮೆರಾ ಕಡೆ ನೋಡುವಷ್ಟರಲ್ಲಿ ಉದ್ಘಾಟನೆಯೇ ಆಗಿಹೋಗುತ್ತದೆ ಎಂದು ಅದು ತಿರಸ್ಕೃತವಾಯಿತು. ಗೇಟ್ ವಾಲ್ವಿಗೆ ಚಕ್ರವಿದೆ. ಸುತ್ತಿದಷ್ಟೂ ಸುತ್ತುತ್ತದೆ, ಫೋಟೋಕ್ಕೆ ಬೇಕಾದಷ್ಟು ಸಮಯ. ಅದೇ ಬಂತು. ಅಂಗಾರನಿಗೋ ಹೊಸ ಮಿಕ್ಸಿಗೆ ಸಹ ಕುಂಕುಮವಿಡದೆ ಸ್ವಿಚ್ಚು ಹಾಕಿ ಗೊತ್ತಿಲ್ಲ. ದಾದರಿನ ಮಾರ್ಕೆಟಿನಿಂದ ಚೆಂಡುಹೂ ತಂದು, ಕಾಯಿ ಒಡೆದು, ತಾನೇ ಆರತಿ ಎತ್ತಿದ. ನಗರಪಾಲಿಕೆಯ ಮಾಜಿ ನಗರಸೇವಕರೊಬ್ಬರು ಚಕ್ರ ತಿರುಗಿಸಿ ವಾಲ್ವನ್ನು ಲೋಕಾರ್ಪಣೆ ಮಾಡಿದರು.

ಮುಂದಿನ ವಾರವೇ ದೋಸೆಕಾವಲಿಯ ನೇರ ಮೇಲೆ ಪೈಪು ಸೋರತೊಡಗಿತು. ಹನಿ ಬಿದ್ದಲ್ಲಿ ದೋಸೆ ಚುಂಯ್ ಎಂದು ಹರಿದುಹೋಗುವುದು. ಕೋರ್ಟು, ಬ್ಯಾಂಕುಗಳ ಗಿರಾಕಿ ನುಗ್ಗುವ ಹೊತ್ತು. ದೋಸೆಯಿಲ್ಲವೆಂದರೆ ಅವರೆಲ್ಲ ಎದುರಿನ ಪಾವ್‌ಭಾಜಿಗೆ ಹೋದಂತೆಯೇ. ಅಂಗಾರ ವಾಲ್ವಿನ ಬಳಿಗೆ ಧಾವಿಸಿದ. ಚಕ್ರಕ್ಕೆ ಕೈ ಹಾಕಿದ್ದೇ ತಡ, ಸಮಿತಿಯ ಕಾರ್ಯದರ್ಶಿ ಕಾಶಿನಾಥ ಓಡಿಬಂದ.

"ಏನ್ ಮಾಡಾಕತ್ತೀರಿ ಅಂಗಾರಣ್ಣ? ಉದ್ಘಾಟನಾ ಆಗೇದ. ಬಂದ್ ಮಾಡಾಕ ಬರಂಗಿಲ್ಲ."

"ಮಾರಾಯ್ರೆ, ಮುಚ್ಲಿಕ್ಕೇ ಅಲ್ವಾ ಅದನ್ನು ಹಾಕಿದ್ದು?"

"ಹಾಕಿದ್ದು ಖರೇ ಅದಕ್ಕ. ಆದ್ರ ಪೂಜಾ ಮಾಡಿದವ್ರು ಯಾರು?"

ಅಂಗಾರ ಚಕ್ರದಿಂದ ಕೈ ತೆಗೆದ.

ತೆರೆದವರೇ ಬಂದು ಮುಚ್ಚಬಹುದೆಂಬ ಉಪನಿಯಮವೇನೋ ಇತ್ತು. ಮಾಜಿ ನಗರಸೇವಕರನ್ನು ವಿಚಾರಿಸಲಾಗಿ, ತಾವು ಒಮ್ಮೆ ಉದ್ಘಾಟಿಸಿದ ಯಾವುದನ್ನೂ ಈವರೆಗೆ ತಿರುಗಿ ನೋಡಿದವರಲ್ಲ, ಈ ವಯಸ್ಸಿನಲ್ಲಿ ಹೊಸ ಅಭ್ಯಾಸ ಬೇಡ ಎಂದು ತಿಳಿಸಿದರು.

ಕೊನೆಗೆ, ಉದ್ಘಾಟನೆಯಾದ ವಾಲ್ವಿನ ಹಿಂದೆ ಯಾವ ಸಮಾರಂಭವೂ ಇಲ್ಲದೆ ಒಂದು ಬಾಲ್ ವಾಲ್ವು ಕೂರಿಸುವುದೆಂದು ಸಮಿತಿ ತೀರ್ಮಾನಿಸಿತು. ಪ್ಲಂಬರ್ ಶಿವಪುತ್ರ ತಾರಸಿಯ ವಾಲ್ವು ಮುಚ್ಚಿ, ಇಡೀ ಕಟ್ಟಡದ ನೀರು ನಿಲ್ಲಿಸಿ, ಕೆಲಸ ಮುಗಿಸಿದ.

"ಹೇಗೂ ನೀರು ನಿಂತುಂಟು," ಎಂದ ಅಂಗಾರ. "ಸೋರುವ ಪೈಪನ್ನೂ ಈಗಲೇ ಮಾಡಿಬಿಡಿ."

"ಪರ್ಮಿಶನ್ ವಾಲ್ವಿಂದು ಅಷ್ಟ ಐತ್ರಿ ಶೇಟ್. ಪೈಪಿಂದು ನಾಳೆ, ಈ ವಾಲ್ವ್ ಬಂದ್ ಮಾಡಿದ ಮ್ಯಾಲ."

ಅಂಗಾರನಿಗೂ ಅದು ನ್ಯಾಯವೇ ಅನ್ನಿಸಿತು.

ಮರುದಿನ ಬೆಳಿಗ್ಗೆ ಹಿಡಿಗೆ ಕೈ ಚಾಚಿದವನು ಅಲ್ಲೇ ನಿಂತ. ಹಿಡಿಯ ಮೇಲೆ ಕುಂಕುಮ, ಪಕ್ಕದಲ್ಲೊಂದು ಚೆಂಡುಹೂ. ಗಲ್ಲಾದಲ್ಲಿ ಕೂತಿದ್ದ ಹೆಂಡತಿ ವಿನೋದಿನಿಯ ಕಡೆ ತಿರುಗಿದ.

"ಹೊಸ ವಸ್ತು ಅಲ್ವಾ?" ಎಂದಳು ಅವಳು. "ಹಾಗೇ ಬೋಳಾಗಿ ಬಿಡ್ಲಿಕ್ಕೆ ಆಗ್ತದಾ?"

ಅಂಗಾರನಿಗೆ ಅಳು ಬರುವುದೊಂದು ಬಾಕಿ. ಆದರೂ ಕೈ ಹಿಂದೆಗೆದ.

"ಕಾಯಿ ಒಡೆದಿದ್ದೀಯಾ?"

"ಇಲ್ಲ."

"ಮತ್ತೆ? ಅರ್ಧಂಬರ್ಧ ಮಾಡಬಾರದು," ಎಂದು ಒಳಗೆ ಹೋಗಿ ತೆಂಗಿನಕಾಯಿ ತಂದ.

ಈಗ ಕಾವಲಿಯ ಮೇಲೊಂದು ದೊಡ್ಡ ಛತ್ರಿ ಬಿಚ್ಚಿ ಕಟ್ಟಿದೆ. ಅದರಡಿ ದೋಸೆ ಗರಿಗರಿಯಾಗಿ ಏಳುತ್ತದೆ. ವಕೀಲರು ಛತ್ರಿದೋಸೆ ಎಂದೇ ಕೇಳಿ ತರಿಸಿಕೊಳ್ಳುತ್ತಾರೆ. ಶಿವಪುತ್ರನೂ ಆಗಾಗ ಬಂದು ಎರಡು ದೋಸೆ ತಿಂದು, ಪೈಪನ್ನೊಮ್ಮೆ ನೋಡಿ ಹೋಗುತ್ತಾನೆ. ಮನೆಗೆ ಹೊರಡುವಾಗಲೂ ಅಂಗಾರ ಛತ್ರಿಯನ್ನು ಮಡಚುವುದಿಲ್ಲ. ಅದಕ್ಕೂ ಕುಂಕುಮ ಇಟ್ಟಾಗಿದೆ.