ಡಾಕ್ಟರಮ್ಮನ ಟಿಪ್ಪರ್

ಸಿದ್ದಾಪುರದ ಹಲ್ಲಿನ ಡಾಕ್ಟರ್ ಅಭಿಜ್ಞಾ, ಒಂಬತ್ತನೇ ತರಗತಿಯಲ್ಲಿ ಓದುತ್ತಿದ್ದಾಗಲೇ ಯಲ್ಲಾಪುರದಲ್ಲಿ ಸಾಲ ಮಾಡಿ ಟಿಪ್ಪರ್ ಲಾರಿಯೊಂದನ್ನು ಖರೀದಿಸಿದ್ದಳು ಮತ್ತು ಆ ಸಾಲದ ಕಂತನ್ನು ವರ್ಷಗಟ್ಟಲೆ ಕಟ್ಟಿರಲಿಲ್ಲ ಎಂಬುದು ನಿರ್ವಿವಾದ ಸಂಗತಿ. ಏಕೆಂದರೆ ಹಾಗೆಂದು ಅವಳ ಕ್ರೆಡಿಟ್ ರಿಪೋರ್ಟಿನಲ್ಲಿ ಅಚ್ಚಾಗಿತ್ತು. ಇದು ಗೊತ್ತಿಲ್ಲದವಳು ಅಭಿಜ್ಞಾ ಒಬ್ಬಳೇ.

ಅವಳಿಗೆ ಗೊತ್ತಾದದ್ದು ಬ್ಯಾಂಕಿನಲ್ಲಿ. ಶಿರಸಿಯ ಕ್ಲಿನಿಕ್ಕೊಂದರ ನೌಕರಿ ಬಿಟ್ಟು, ಸ್ವಂತ ಊರಲ್ಲಿ ಮಳಿಗೆ ಹಿಡಿದು, ಬೋರ್ಡನ್ನೂ ಬರೆಸಿಯಾಗಿತ್ತು. ಉಳಿದದ್ದು ರೋಗಿ ಮಲಗುವ ಕುರ್ಚಿಯೊಂದೇ. ಅದಕ್ಕೆ ಸಾಲ ಕೇಳಲು ಹೋದವಳನ್ನು ನೋಡಿ ಮ್ಯಾನೇಜರ್ ನಾಗಪತಿ ಬೇಸರದಿಂದ ತಲೆ ಅಲ್ಲಾಡಿಸಿದರು.

"ಲಾರಿ ಸಾಲವನ್ನೇ ಕಟ್ಟಿಲ್ಲ ನೀವು. ಕುರ್ಚಿ ಸಾಲ ಹೇಗೆ ಕೊಡೋದು ಮೇಡಂ?"

"ನನಗೆ ಸ್ಕೂಟಿ ಓಡಿಸೋಕೇ ಧೈರ್ಯ ಇಲ್ಲ ಸರ್."

"ಲಾರಿಗೆ ಡ್ರೈವರ್ ಇರ್ತಾರೆ," ಎಂದರು ನಾಗಪತಿ. ಅದೂ ನಿಜವೇ.

ಹೊರಗೆ ಬಂದ ಅಭಿಜ್ಞಾ, ಒಂಬತ್ತನೇ ತರಗತಿಯಲ್ಲಿ ತಾನು ಏನೇನು ಮಾಡಿದ್ದೆ ಎಂದು ಒಂದು ಕ್ಷಣ ನಿಜಕ್ಕೂ ನೆನಪು ಮಾಡಿಕೊಂಡಳು. ಮನೆಗೆ ಬಂದು ಹೇಳಿದರೆ ತಾಯಿ ದೇವಕಿಗೆ ಸಿಟ್ಟು ಬಂತು.

"ಲಾರಿ ಇದ್ದು ಹೇಳಿ ಮುಂಚೆನೇ ಹೇಳಕ್ಕಾಗಿತ್ತಿಲ್ಯನೇ ಕೂಸೆ? ಮನೆ ಕಟ್ಟಕಾರೆ ಕಲ್ಲು ತರ್ಸಲೆ ಬಾಡಿಗೆ ಕೊಡದು ತಪ್ತಿತ್ತು."

ಅಭಿಜ್ಞಾ ರಿಪೋರ್ಟ್ ತಯಾರಿಸಿದ ಕಂಪನಿಗೆ ಆನ್‌ಲೈನಿನಲ್ಲಿ ತಕರಾರು ಸಲ್ಲಿಸಿದಳು. ಉತ್ತರ ಬಂತು: "ತಾವು ಆಕ್ಷೇಪಿಸಿದ ಮಾಹಿತಿಯು ಸರಿಯೇ ಎಂದು ಅದನ್ನು ನೀಡಿದವರನ್ನೇ ವಿಚಾರಿಸಲಾಗಿ, ಅವರು ಸರಿ ಎಂದಿರುವುದರಿಂದ ಸರಿ ಇರುತ್ತದೆ. ತಮ್ಮ ಸಮಾಧಾನವೇ ನಮ್ಮ ಧ್ಯೇಯ."

ಸಮಾಧಾನವಾಗದ ಅಭಿಜ್ಞಾ ಶಿರಸಿಯಲ್ಲಿ ಬಸ್ಸು ಬದಲಿಸಿ ಯಲ್ಲಾಪುರಕ್ಕೆ ಹೋದಳು. ಅಲ್ಲಿ ಆ ಲಾರಿ ಸಾಲ ಕೊಟ್ಟ 'ಘಟ್ಟಶ್ರೀ ವಾಹನ ಫೈನಾನ್ಸ್' ಎಂಬ ಸಂಸ್ಥೆಯಿತ್ತು. ಅದರ ಶಾಖಾಧಿಕಾರಿ ಉಲ್ಲಾಸ, ಹೆಸರಿಗೆ ತಕ್ಕಂತೆ ಯಾರ ಕಷ್ಟವನ್ನೂ ನಗುನಗುತ್ತಲೇ ಕೇಳುವ ಮನುಷ್ಯ. ಅವಳ ಪಾನ್ ಕಾರ್ಡ್ ನೋಡಿದ. ಕಂಪ್ಯೂಟರ್ ನೋಡಿದ. ಹಳೆಯ ಲೆಕ್ಕವನ್ನೆಲ್ಲ ಕಂಪ್ಯೂಟರಿಗೆ ಏರಿಸುವಾಗ ಪಾನ್ ನಂಬರಿನ ಒಂದು ಅಕ್ಷರ ತಪ್ಪಾಗಿ, ಅರಬೈಲಿನ ನಾಗಪ್ಪ ಎಂಬವನ ಸಾಲ ಅವಳ ತಲೆಗೆ ಬಂದಿದೆ ಎಂದು ಅವನೇ ಒಪ್ಪಿಕೊಂಡ.

"ಹಾಗಾದರೆ ತೆಗೀರಿ," ಎಂದಳು ಅಭಿಜ್ಞಾ.

"ತೆಗೀಬಹುದ್ರಿ. ಆದ್ರ ಸಾಲದ ಬಗ್ಗೆ ದೂರು ಕೊಡೋ ಹಕ್ಕು ಸಾಲಗಾರರಿಗೆ ಮಾತ್ರ ಐತ್ರಿ. ನೀವು ಸಾಲಗಾರರಲ್ಲ ಅಂತೀರಿ. ಸಂಬಂಧ ಇಲ್ಲದವರ ದೂರು ನಾವು ಹೆಂಗ ತಗೊಳ್ಳೂದ್ರಿ?"

"ಸಂಬಂಧ ಇಲ್ಲ ಅನ್ನೋದೇ ನನ್ನ ದೂರು!"

"ಅದು ಬರೋಬ್ಬರಿ ಐತ್ರಿ. ಮೊದಲು ಸಾಲ ನಂದೇ ಅಂತ ಸೈನ್ ಮಾಡ್ರಿ. ಆಮ್ಯಾಲೆ ನಂದಲ್ಲ ಅಂತ ದೂರು ಕೊಡಾಕ ನಿಮಗ ಪೂರ್ತಿ ಅಧಿಕಾರ ಬರ್ತೈತಿ."

ಅಭಿಜ್ಞಾಳಿಗೆ ಅವನ ಮುಂಭಾಗದ ಎರಡು ಹಲ್ಲು ಕೀಳಬೇಕೆನಿಸಿತು. ಆದರೆ ವೈದ್ಯಧರ್ಮ ಅಡ್ಡ ಬಂತು. ಮಳಿಗೆ ಬಾಡಿಗೆ ಏರುತ್ತಿತ್ತು. ಸೈನ್ ಮಾಡಿದಳು. ದೂರು ಕೊಡಲು ಪೆನ್ನು ಎತ್ತುವಷ್ಟರಲ್ಲಿ ಉಲ್ಲಾಸ ಇನ್ನೊಂದು ನಿಯಮ ತಿಳಿಸಿದ: ಕಂತು ಬಾಕಿ ಇಟ್ಟುಕೊಂಡ ಸಾಲಗಾರರ ದೂರನ್ನು ಸ್ವೀಕರಿಸುವ ಪದ್ಧತಿ ಸಂಸ್ಥೆಯಲ್ಲಿ ಇರಲಿಲ್ಲ.

ಅವಳು ನೆಟ್ಟಗೆ ಅರಬೈಲಿಗೆ ಹೋಗಿ ನಾಗಪ್ಪನನ್ನು ಹುಡುಕಿದಳು. ಓಡಿಹೋಗುತ್ತಾನೆಂದುಕೊಂಡಿದ್ದಳು. ಅವನು ಟಿಪ್ಪರಿನಡಿಯಿಂದ ಹೊರಬಂದು, ಗ್ರೀಸಿನ ಕೈ ಒರೆಸಿ, ನಮಸ್ಕಾರ ಮಾಡಿದ.

"ಸಾಲ ನಂದೇರಿ ಅಕ್ಕಾರ. ಕಟ್ಟಾಕ ಹೋದ್ರ ನಿನ್ನ ಹೆಸರ್ನಾಗ ಸಾಲನ ಇಲ್ಲ ಅಂತ ಹೊಳ್ಳಿ ಕಳಿಸಿದ್ರು. ದೇವರು ದೊಡ್ಡಾವ ಅಂದು ಸುಮ್ಮನಾದೆ. ಈಗ ಎರಡನೇ ಗಾಡಿಗೆ ಸಾಲ ಕೇಳಿದ್ರ, ಹಿಂದ ಸಾಲ ಮಾಡಿ ತೀರಿಸಿದ್ದು ತೋರ್ಸು ಅಂತಾರ. ನನ್ನ ಸಾಲ ನನಗ ಕೊಡಸ್ರಿ!"

ಹೀಗೆ ಸಾಲ ಬೇಡವೆನ್ನುವವಳೂ ಬೇಕೆನ್ನುವವನೂ ಒಟ್ಟಿಗೇ ಉಲ್ಲಾಸನ ಮುಂದೆ ಕುಳಿತರು. ಇಷ್ಟು ಸುಲಭದ ಪ್ರಕರಣ ಭೂಲೋಕದಲ್ಲಿ ಇನ್ನೊಂದಿಲ್ಲವೆಂದು ಅಭಿಜ್ಞಾ ಭಾವಿಸಿದ್ದಳು. ಉಲ್ಲಾಸ ಅವಳತ್ತ ತಿರುಗಿ ದನಿ ತಗ್ಗಿಸಿದ.

"ಮೇಡಂ, ಹೊರಗಿನವರ ಮುಂದ ನಿಮ್ಮ ಸಾಲದ ವಿಚಾರ ಮಾತಾಡೂದು ಚಲೋ ಅಲ್ಲ. ಗ್ರಾಹಕರ ಗುಟ್ಟು ಕಾಪಾಡೂದು ನಮ್ಮ ಧರ್ಮ."

ನಾಗಪ್ಪನನ್ನು ವಿನಯಪೂರ್ವಕವಾಗಿ ಹೊರಗೆ ಕಳಿಸಲಾಯಿತು.

ಕೊನೆಗೆ ದಾರಿ ತೋರಿಸಿದವನು ನಾಗಪ್ಪನೇ. ಸಾಲ ಯಾರ ಹೆಸರಲ್ಲಾದರೂ ತೀರಲಿ, ಎರಡನೇ ಗಾಡಿಯ ಮಾತು ಆಮೇಲೆ ಎಂದು ಹೊರಗಿನ ಚಹಾದ ಅಂಗಡಿಯಲ್ಲಿ ಅವನು ಬಾಕಿ ಹಣವನ್ನೆಲ್ಲ ಅವಳ ಕೈಯಲ್ಲಿಟ್ಟ. ಅವಳು ಒಳಗೆ ಹೋಗಿ ತನ್ನ ಹೆಸರಿಗೆ ಕಟ್ಟಿಬಂದಳು. ಸಂಸ್ಥೆ ಚಕ್ರಬಡ್ಡಿ, ವಿಳಂಬ ದಂಡ, ದಂಡದ ವಿಳಂಬಕ್ಕೆ ದಂಡ, ಹಾಗೂ ಸಾಲ ತಪ್ಪಾಗಿ ಬಂದದ್ದನ್ನು ಪತ್ತೆ ಹಚ್ಚಿದ ಶುಲ್ಕ ಮುರಿದುಕೊಂಡು ರಸೀದಿ ಕೊಟ್ಟಿತು. ಇನ್ನು ದೂರು ಕೊಡಬಹುದೇ ಎಂದು ಅಭಿಜ್ಞಾ ಕೇಳಿದಳು.

"ಸಾಲನ ತೀರೇತಲ್ರಿ," ಉಲ್ಲಾಸ ಅಚ್ಚರಿಪಟ್ಟ. "ಇಲ್ಲದ ಸಾಲದ ಮ್ಯಾಲೆ ದೂರು ಹೆಂಗ ಕೊಡ್ತೀರಿ?"

ಅವಳ ಕ್ರೆಡಿಟ್ ಸ್ಕೋರು ಮಾತ್ರ ಜಿಗಿಯಿತು. ತಾಲೂಕಿನಲ್ಲೇ ಇಂಥ ಸ್ಕೋರು ನೋಡಿಲ್ಲವೆಂದು ನಾಗಪತಿ ಎದ್ದು ನಿಂತು ಕೈಕುಲುಕಿದರು. ಕುರ್ಚಿಗೆ ಸಾಲ ಕೊಡಲು ಈಗ ಯಾವ ಅಡ್ಡಿಯೂ ಇರಲಿಲ್ಲ, ಒಂದನ್ನು ಬಿಟ್ಟು. ದಾಖಲೆಯಲ್ಲಿ ಅಭಿಜ್ಞಾ ಸಾರಿಗೆ ಉದ್ಯಮಿ. ಸಾರಿಗೆ ಉದ್ಯಮಿಗಳಿಗೆ ವೈದ್ಯಕೀಯ ಸಾಲ ಕೊಡುವಂತಿಲ್ಲ.

"ತಿದ್ದಿಸಿಕೊಂಡು ಬರ್ತೀರಾ?" ಎಂದರು ನಾಗಪತಿ.

"ಬೇಡ ಸರ್," ಎಂದಳು ಅಭಿಜ್ಞಾ. ತಿದ್ದಿಸುವುದೆಂದರೆ ಏನೆಂದು ಅವಳಿಗೆ ಈಗ ಗೊತ್ತಿತ್ತು. "ಲಾರಿಯವರಿಗೆ ಯಾವ್ಯಾವ ಸಾಲ ಇದೆ ಹೇಳಿ."

ನಾಗಪತಿ ಪಟ್ಟಿ ಓದಿದರು. ಟೈರು, ಬಾಡಿ ಕಟ್ಟಿಸುವುದು, ಎಂಜಿನ್ ರಿಪೇರಿ, ಚಾಲಕರ ಆಸನ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆರು ಲಕ್ಷದ ಚಾಲಕರ ಆಸನವೊಂದಕ್ಕೆ ಅಂದೇ ಸಾಲ ಮಂಜೂರಾಯಿತು.

ಕ್ಲಿನಿಕ್ ಶುರುವಾದ ಮೇಲೆ ಪರಿಶೀಲನೆಗೆ ಬ್ಯಾಂಕಿನ ಅಧಿಕಾರಿಯೊಬ್ಬರು ಬಂದರು. ಕುರ್ಚಿಯ ಮೇಲೆ ಹಲ್ಲು ಕೀಳಿಸಲು ಬಂದ ಹುಲಗೋಳದ ಕೆರಿಯಪ್ಪ ಬಾಯಿ ತೆರೆದು ಮಲಗಿದ್ದ. ಅಧಿಕಾರಿ ಸುತ್ತ ನಡೆದು, ಕುರ್ಚಿಯನ್ನು ಏರಿಸಿ ಇಳಿಸಿ ನೋಡಿ, "ಆಸನ ಸುಸ್ಥಿತಿಯಲ್ಲಿದೆ, ಚಾಲಕರು ಹಾಜರಿದ್ದಾರೆ" ಎಂದು ಬರೆದುಕೊಂಡರು. ಒಂದೇ ಒಂದು ಆಕ್ಷೇಪಣೆ: ಸೀಟ್ ಬೆಲ್ಟ್ ಇರಲಿಲ್ಲ.

ಅಭಿಜ್ಞಾ ವಾದಿಸಲಿಲ್ಲ. ಶಿರಸಿಯಿಂದ ಬೆಲ್ಟ್ ತರಿಸಿ ಹಾಕಿಸಿದಳು. ಈಗ ಹಲ್ಲು ಕೀಳಿಸಲು ಬಂದವರು ತಾವಾಗಿಯೇ ಬೆಲ್ಟ್ ಬಿಗಿದುಕೊಂಡು ಬಾಯಿ ತೆರೆಯುತ್ತಾರೆ. ಬೆಲ್ಟ್ ಇಲ್ಲದ ಡಾಕ್ಟರ ಹತ್ತಿರ ಹೋಗುವುದು ಅಪಾಯವೆಂದು ಊರಲ್ಲಿ ಮಾತಾಗಿದೆ.