ಐದನೇ ಗುಂಡಿ

ಲಂಡನ್ನಿನಲ್ಲಿ ಬಸ್ಸು ಓಡಿಸಿ ನಿವೃತ್ತನಾದ ಸೆಡ್ರಿಕ್ ಟಪ್ಪರ್, ಸಫೊಕ್ಕಿನ ಹಳ್ಳಿಯಲ್ಲಿ ಮನೆ ಮಾಡಿದ ಆರನೇ ತಿಂಗಳಿಗೆ, ನೆಲದಡಿಯ ಹಳೇ ನಾಣ್ಯ, ನಿಧಿ ಹುಡುಕುವ ಹವ್ಯಾಸಕ್ಕೆಂದು ಒಂದು ಮೆಟಲ್ ಡಿಟೆಕ್ಟರ್ ಕೊಂಡ. ಯಂತ್ರವೇನೋ ಬಂತು, ಅದನ್ನು ಆಡಿಸೋದಕ್ಕೆ ಹೊಲ ಬೇಕಲ್ಲ? ಗುರುತು ಪರಿಚಯ ಇಲ್ಲದವನನ್ನು ಯಾವ ರೈತ ಬೇಲಿಯೊಳಗೆ ಬಿಟ್ಟಾನು? ಸ್ವಂತ ಹಿತ್ತಲನ್ನು ಬಗೆದು ಹೆಂಡತಿಯ ಗುಲಾಬಿ ಗಿಡ ಕಿತ್ತ ಮೇಲಂತೂ ಅಲ್ಲೂ ಪ್ರವೇಶ ನಿಂತುಹೋಯಿತು.

ಉಳಿದದ್ದು ಊರಿನ ಶೋಧಕರ ಸಂಘವೊಂದೇ. ಸುತ್ತಲಿನ ಹನ್ನೆರಡು ಹೊಲಗಳಿಗೆ ಕಾಲಿಡುವ ಅಪ್ಪಣೆ ಅವರ ಕೈಲಿತ್ತು. ಒಂದು ಭಾನುವಾರ ಜೊತೆಗೆ ಬನ್ನಿ, ಸೇರಿಸ್ಕೊಳ್ಳೋದಾ ಬೇಡ್ವಾ ಅಂತ ಸಂಜೆ ಕೈ ಎತ್ತಿ ತೀರ್ಮಾನ ಮಾಡ್ತೀವಿ, ಒಬ್ಬರು ಬೇಡ ಅಂದ್ರೂ ಇಲ್ಲ ಅಂದರು ಕಾರ್ಯದರ್ಶಿ ಗೂಡರಮ್. ಗೂಡರಮ್ ತೆರಿಗೆ ಇಲಾಖೆಯಲ್ಲಿ ಇದ್ದು ಬಂದವರು. ಸ್ವಂತ ನೆರಳನ್ನೂ ಒಮ್ಮೆ ವಿಚಾರಿಸಿಯೇ ಮುಂದಕ್ಕೆ ಬಿಡುವ ಆಸಾಮಿ. ಕತ್ತಲಲ್ಲಿ ಹೊಲಕ್ಕೆ ನುಗ್ಗಿ ಅಗೆದೊಯ್ಯುವ ಕಳ್ಳರ ಕಾಟ ಬೇರೆ ಹೆಚ್ಚಾಗಿತ್ತು. ಹೊಸ ಮುಖ ಕಂಡರೆ ಸಂಘದ ಹನ್ನೊಂದು ಮಂದಿಗೂ ಅದೇ ಅನುಮಾನ.

ಅವತ್ತು ಇಳಿದದ್ದು ಹರೆಲ್ ಎಂಬ ರೈತನ ಗೋಧಿ ಕೊಯ್ದ ಹೊಲಕ್ಕೆ. ಮಧ್ಯಾಹ್ನದ ಹೊತ್ತಿಗೆ ಸೆಡ್ರಿಕ್ ಐದು ಗುಂಡಿ ತೋಡಿದ್ದ. ನಾಲ್ಕರಲ್ಲಿ ಸಿಕ್ಕಿದ್ದು ಬಿಯರ್ ಡಬ್ಬಿಯ ಚೂರು, ಐದನೆಯದರಲ್ಲಿ ತುಕ್ಕು ಹಿಡಿದ ಅರ್ಧ ಕುದುರೆಲಾಳ. ಪಾಪ, ಅವನಿಗೆ ನಾಚಿಕೆಯಾಗಿ ಎಲ್ಲವನ್ನೂ ಚೀಲದ ತಳಕ್ಕೆ ತುರುಕಿದ. ಕೊನೆಯ ಗುಂಡಿಯನ್ನು ಮುಚ್ಚಿ, ಹುಲ್ಲು ಹೊದಿಸಿ, ಮಗುವನ್ನು ಮಲಗಿಸಿದ ಹಾಗೆ ಮೆಲ್ಲಗೆ ತಟ್ಟುತ್ತಿರುವಾಗ ಬೆರಿಲ್ ಅಜ್ಜಿ ಬಂದರು. ಸಂಘದಲ್ಲಿ ಎಲ್ಲರಿಗಿಂತ ಹಳಬರು.

"ಏನಪ್ಪಾ, ಏನಾದ್ರೂ ಸಿಕ್ತಾ?"

"ಏನೂ ಇಲ್ಲ," ಅಂದು ಸೆಡ್ರಿಕ್ ತಲೆ ತಗ್ಗಿಸಿದ.

ಕೆಟ್ಟಿತು. ಈ ಶೋಧಕರ ರೂಢಿಯೇ ಬೇರೆ. ನಿಜವಾಗಿ ಏನೂ ಸಿಗದವನು ಅರ್ಧ ಗಂಟೆ ಗೋಳು ತೋಡಿಕೊಳ್ಳುತ್ತಾನೆ. ಡಬ್ಬಿ ಚೂರು, ಹಳೇ ಮೊಳೆ, ಕೋಟಿನ ಸವೆದ ಗುಂಡಿ ಎಲ್ಲವನ್ನೂ ಅಂಗೈಯಲ್ಲಿ ಹರವಿ ತೋರಿಸಿ, ನೆಲಕ್ಕೂ ರೈತನಿಗೂ ಶಾಪ ಹಾಕುತ್ತಾನೆ. ಏನೂ ಇಲ್ಲ ಅಂತ ಚುಟುಕಾಗಿ ಹೇಳಿ ಬಾಯಿ ಹೊಲಿದುಕೊಳ್ಳುವವನು ಬಂಗಾರ ಕಂಡವನು ಮಾತ್ರ. ಇದನ್ನು ಸೆಡ್ರಿಕ್‌ಗೆ ಹೇಳಿದವರು ಯಾರು?

ಬೆರಿಲ್ ಅಜ್ಜಿ ನೇರ ಗೂಡರಮ್ ಹತ್ತಿರ ಹೋಗಿ, ಹೊಸಬ ಏನೂ ಇಲ್ಲ ಅಂತಾನೆ, ಗುಂಡಿಯನ್ನೂ ತುಂಬಾ ಚೆನ್ನಾಗಿ ಮುಚ್ಚಿದಾನೆ ಅಂದರು. ಗೂಡರಮ್ ಮುಖ ಗಂಟಿಕ್ಕಿದರು. ಹತ್ತು ನಿಮಿಷದಲ್ಲಿ, ಇಡೀ ಹೊಲದಲ್ಲಿ ಚದುರಿದ್ದ ಹನ್ನೊಂದು ಮಂದಿಯೂ ಸೆಡ್ರಿಕ್‌ನ ಸುತ್ತ ಬಂದು ಸೇರಿದ್ದರು. ಯಾರೂ ಅವನನ್ನು ನೋಡುತ್ತಿರಲಿಲ್ಲ. ಎಲ್ಲರೂ ಎಲ್ಲಿಲ್ಲದ ಶ್ರದ್ಧೆಯಿಂದ ನೆಲ ನೋಡುತ್ತಿದ್ದರು. ಅವನು ಎಡಕ್ಕೆ ಹೋದರೆ ಎಡಕ್ಕೆ, ಬಲಕ್ಕೆ ಹೋದರೆ ಬಲಕ್ಕೆ. ಜಲಬಾಧೆ ತಾಳಲಾರದೆ ಪೊದೆಯ ಮರೆಗೆ ಹೋದರೆ ಅಲ್ಲೂ ಆಚೆ ಕಡೆಯಿಂದ ಒಂದು ಯಂತ್ರ ಕುಂಯ್ ಅಂತು.

ಅಷ್ಟರಲ್ಲಿ ಯಾರೋ ಹರೆಲ್‌ಗೆ ಸುದ್ದಿ ಮುಟ್ಟಿಸಿದ್ದರು. ಸಿಕ್ಕ ನಿಧಿಯಲ್ಲಿ ಹೊಲದವನದು ಅರ್ಧ ಪಾಲು. ಆತ ಊಟದ ತಟ್ಟೆ ಬಿಟ್ಟು ಟ್ರ್ಯಾಕ್ಟರಿನಲ್ಲೇ ಬಂದ. ಜೇಬು ತೋರಿಸು ಅಂದ. ಸೆಡ್ರಿಕ್ ಜೇಬು ತೋರಿಸಿದ, ಚೀಲ ಕೊಡವಿದ, ಬೂಟು ಬಿಚ್ಚಿದ. ಡಬ್ಬಿ ಚೂರು, ಅರ್ಧ ಲಾಳ, ಹೆಂಡತಿ ಕಟ್ಟಿಕೊಟ್ಟ ಚೀಸ್ ಸ್ಯಾಂಡ್‌ವಿಚ್, ಇಷ್ಟೇ. ಬೆರಿಲ್ ಅಜ್ಜಿ ಸ್ಯಾಂಡ್‌ವಿಚ್ಚನ್ನೂ ಬಿಡಿಸಿ ನೋಡಿದರು.

ಸೆಡ್ರಿಕ್‌ಗೆ ಅಳುವೇ ಬಂತು. ಸಂಜೆಯ ಕೈಗಳು ಒಂದೊಂದಾಗಿ ಕೆಳಗಿಳಿಯುವುದು ಕಣ್ಣಿಗೆ ಕಟ್ಟುತ್ತಿತ್ತು. "ನನ್ನ ಮೇಲೆ ನಂಬಿಕೆ ಇಲ್ದಿದ್ರೆ ನಾನು ತೋಡಿದ ಗುಂಡಿ ಐದನ್ನೂ ನೀವೇ ಅಗೆದು ನೋಡ್ಕೊಳ್ಳಿ," ಅಂದ.

ಅಗೆದರು. ನಾಲ್ಕರಲ್ಲಿ ಮಣ್ಣು. ಐದನೆಯದರಲ್ಲಿ, ಲಾಳ ಸಿಕ್ಕ ಜಾಗದಿಂದ ಒಂದು ಗೇಣು ಕೆಳಗೆ, ಬೆರಿಲ್ ಅಜ್ಜಿಯ ಸಲಿಕೆಗೆ ಮಡಕೆಯ ಅಂಚು ತಗುಲಿತು. ಒಳಗೆ ರೋಮನ್ನರ ಕಾಲದ ಬೆಳ್ಳಿ ನಾಣ್ಯ, ಕಂಠಮಟ್ಟ. ಯಾರೂ ಮುಟ್ಟಬೇಡಿ, ಪುರಾತತ್ವದವರು ಬರಲಿ ಅಂದ ಗೂಡರಮ್, ಆಮೇಲೆ ಸೆಡ್ರಿಕ್ ಕಡೆ ತಿರುಗಿದರು.

ಗುಂಡಿ ಮುಚ್ಚುವ ಮುಂಚೆ ಇನ್ನೊಂದು ಸಲ ಯಂತ್ರ ಹಿಡಿದು ನೋಡಬೇಕು ಅನ್ನುವುದು ಈ ಹವ್ಯಾಸದ ಅ ಆ ಇ ಈ. ಲಾಳ ಸಿಕ್ಕ ಬೇಸರದಲ್ಲಿ ಮರೆತೇಬಿಟ್ಟೆ ಅಂತ ಸೆಡ್ರಿಕ್ ಆಣೆ ಇಟ್ಟು ಹೇಳಿದ. ಒಬ್ಬರಾದರೂ ನಂಬಬೇಕಲ್ಲ? ಅಷ್ಟು ದಡ್ಡರು ಭೂಮಿ ಮೇಲೆ ಇರೋದಿಲ್ಲ ಅಂದರು ಬೆರಿಲ್ ಅಜ್ಜಿ. ಕತ್ತಲಾದ ಮೇಲೆ ಬಂದು ಎತ್ತಿಕೊಂಡು ಹೋಗುವ ಹಂಚಿಕೆ ಅಂತಲೇ ಎಲ್ಲರ ತೀರ್ಮಾನ. ಸಲಿಕೆ ತಾಗಿಸಿದವರೇ ಶೋಧಕರು ಅಂತ ಅಜ್ಜಿಯ ಹೆಸರನ್ನೇ ಬರೆದುಕೊಂಡೂ ಆಯಿತು.

ಸಂಜೆ ಹರೆಲ್‌ನ ಕೊಟ್ಟಿಗೆಯಲ್ಲಿ ಸಭೆ ಸೇರಿತು. ಸೆಡ್ರಿಕ್ ಟೋಪಿ ಕೈಯಲ್ಲಿ ಹಿಡಿದು ಬಾಗಿಲಲ್ಲೇ ನಿಂತ. ಸೇರಿಸ್ಕೊಳ್ಳೋಕೆ ಒಪ್ಪೋರು ಕೈ ಎತ್ತಿ ಅಂದರು ಗೂಡರಮ್. ಹನ್ನೊಂದು ಕೈಯೂ ಎದ್ದವು. ಸೆಡ್ರಿಕ್‌ಗೆ ತನ್ನ ಕಣ್ಣನ್ನೇ ನಂಬಲಾಗಲಿಲ್ಲ.

"ಇಂಥೋರು ಹೊರಗಿದ್ರೆ ಅಪಾಯ ಕಣ್ರೀ," ಗೂಡರಮ್ ಸದಸ್ಯತ್ವದ ಚೀಟಿ ಬರೆಯುತ್ತ ಅಂದರು. "ಒಳಗಿದ್ರೆ ಕಣ್ಣಳತೇಲಿ ಇರ್ತಾರೆ."

ಆಗಲಿ, ಯಾವ ಕಾರಣಕ್ಕಾದರೇನು ಅಂತ ಸೆಡ್ರಿಕ್ ಚೀಟಿಗೆ ಕೈ ಚಾಚಿದ. ಆಗ ಹರೆಲ್ ಫೋನು ಇಟ್ಟು ಒಳಗೆ ಬಂದ. ಅಕ್ಕಪಕ್ಕದ ರೈತರೆಲ್ಲರ ಜೊತೆ ಮಾತಾಡಿದ್ದನಂತೆ. ಸಂಘದವರು ಯಾವಾಗ ಬೇಕಾದರೂ ಬರಲಿ, ಈ ಒಬ್ಬ ಮನುಷ್ಯ ಮಾತ್ರ ಹನ್ನೆರಡು ಹೊಲದಲ್ಲಿ ಯಾವುದಕ್ಕೂ ಕಾಲಿಡಕೂಡದು ಅಂದ.

ಸೆಡ್ರಿಕ್ ಚೀಟಿ ಹಿಡಿದುಕೊಂಡು ಗೂಡರಮ್ ಮುಖ ನೋಡಿದ. ಹಾಗಾದ್ರೆ ಬರೋ ಭಾನುವಾರ ನಾನೇನು ಮಾಡ್ಲಿ ಅಂತ ಕೇಳಿದ.

ಗೂಡರಮ್ ಅವನ ಬೆನ್ನು ತಟ್ಟಿದರು. "ರಸ್ತೆ ಗೇಟಿನ ಹತ್ರ ಕುರ್ಚಿ ಹಾಕ್ಕೊಂಡು ಕೂತ್ಕೊಳ್ಳಿ, ಕಳ್ಳರು ಬರದ ಹಾಗೆ ಕಾಯ್ಬೇಕಲ್ಲ. ಆ ಪೈಕಿಯೋರು ಯಾರಾದ್ರೂ ಬಂದ್ರೆ ನಮಗಿಂತ ಮೊದ್ಲು ನಿಮಗೇ ಗೊತ್ತಾಗುತ್ತೆ."